ಚಳಿ ಮುಗಿಯುವ ಮೊದಲೇ ಪತಂಗ

ಪ್ರಶ್ನೆ: ಇಂಗ್ಲೆಂಡಿನ ‘ಕಾಮನ್ ಕ್ವೇಕರ್’ ಪತಂಗ ಚಳಿಯಿನ್ನೂ ಬಿಡದ ಮಾರ್ಚ್‌ನಲ್ಲೇ ಹಾರುವುದೇಕೆ?

ಮರಿಗಳ ಊಟದ ಅವಸರ! ಇದರ ಮರಿಹುಳುಗಳಿಗೆ ಓಕ್ ಎಲೆಯೆಂದರೆ ಇಷ್ಟ. ಆದರೆ ಓಕ್ ಎಲೆಯೂ ನಮ್ಮ ಬೆಂಡೆಕಾಯಿಯ ಹಾಗೆ, ಎಳೆಯದಿದ್ದಾಗಲೇ ತಿನ್ನಬೇಕು. ವಸಂತದಲ್ಲಿ ಚಿಗುರಿದ ಎಲೆ ಬೇಸಿಗೆ ಏರುತ್ತಿದ್ದಂತೆ ಗಡುಸಾಗುತ್ತದೆ. ನೀರು, ಪ್ರೋಟೀನ್ ಕಡಿಮೆಯಾಗಿ ಒಗರಾದ ಟ್ಯಾನಿನ್ ಹೆಚ್ಚುತ್ತದೆ. ಅಂಥದ್ದನ್ನು ತಿಂದ ಹುಳು ಸರಿಯಾಗಿ ಬೆಳೆಯದು. ಚಿಗುರಿನ ಹೊತ್ತಿಗೆ ಮೊಟ್ಟೆ ಒಡೆಯಬೇಕಾದರೆ ತಾಯಿ ಮೊದಲೇ ಹಾರಬೇಕು.

ಅದಕ್ಕೆ ತಯಾರಿ ಹಿಂದಿನ ಶರತ್ಕಾಲದಲ್ಲೇ ಮುಗಿದಿರುತ್ತದೆ. ಮಣ್ಣಿನೊಳಗಿನ ಕೋಶದಲ್ಲಿ ಪೂರ್ತಿ ರೂಪುಗೊಂಡ ಪತಂಗ ಚಳಿಗಾಲವಿಡೀ ಕಾಯುತ್ತದೆ. ಹೊರಬಂದ ಮೇಲೆ ಚಳಿಗೇನು ಮಾಡುತ್ತದೆ? ಮೈತುಂಬ ದಟ್ಟ ರೋಮವಿದೆ. ಹಾರುವ ಮುನ್ನ ರೆಕ್ಕೆಯ ಸ್ನಾಯುಗಳನ್ನು ನಡುಗಿಸಿ ಎದೆಭಾಗ ಬಿಸಿ ಮಾಡಿಕೊಳ್ಳುತ್ತದೆ. ಹಸಿವಿಗೆ, ಆಗಷ್ಟೇ ಅರಳಿದ ವಿಲ್ಲೋ ಹೂಗಳ ಮಕರಂದ.