ಬೋರ್ಡಿನ ಮೇಲಿನ ನಂಬರು ಯಾರ ಕೈಲಿರಬೇಕು?

ಇಂಜಿನಿಯರಿಂಗ್ ಓದ್ತಾ ಇದ್ದೀವಿ ಅಂದಮೇಲೆ ಮನೇಲಿ, ನೆಂಟರಲ್ಲಿ ಫೋನಿಗೆ ಸಂಬಂಧಪಟ್ಟ ಯಾವ ಪ್ರಶ್ನೆ ಹುಟ್ಟಿದರೂ ಅದು ನಮ್ಮ ಕಡೆಗೇ ಫಾರ್ವರ್ಡ್ ಆಗುತ್ತೆ. ಸಿವಿಲ್‌ನವರಿಗೂ ಬಿಡುಗಡೆ ಇಲ್ಲ. ನನಗೆ ಬಂದ ಪ್ರಶ್ನೆ ಚಿಕ್ಕಪ್ಪನದು. ತಿಪಟೂರಿನ ಕಡೆ ಅವರದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಬೋರ್‌ವೆಲ್‌ನಿಂದ ಪಂಪ್ ಎತ್ತಿಸೋಕೆ ಅಂತ ಅವರು ತೋಟಕ್ಕೆ ಹೋದರೆ ಅಲ್ಲಿ ಟವರ್ ಸಿಗಲ್ಲ. ಅಂಗಡಿಯಲ್ಲಿದ್ದರೆ ಫೋನು ಯಾವಾಗಲೂ ಬ್ಯುಸಿ. "ಬೇಸಿಗೇಲಿ ಮೋಟಾರ್ ಸುಟ್ಟುಕೊಂಡ ರೈತ ಎರಡನೇ ಸಲ ಫೋನ್ ಮಾಡೋದು ನನಗಲ್ಲ ಕಣೋ, ಮುಂದಿನ ಬೀದಿ ಅಂಗಡಿಗೆ" ಅನ್ನೋದು ಅವರ ಲೆಕ್ಕ. ಲೆಕ್ಕ ಸರಿಯಾಗೇ ಇದೆ. ತೋಟ ಒಣಗ್ತಾ ಇರುವಾಗ ಯಾರೂ ಕಾಯಲ್ಲ.

ಈ ತೊಂದರೆಗೆ ಪರಿಹಾರ ಅಂತ ಅವರ ಫೇಸ್‌ಬುಕ್ಕಿನಲ್ಲಿ ದಿನಾ ಜಾಹೀರಾತು ಬರ್ತಾ ಇತ್ತು. ಬಿಸಿನೆಸ್ ನಂಬರು, ಡ್ಯಾಶ್‌ಬೋರ್ಡು, "ಕನ್ನಡಕ್ಕಾಗಿ ಒಂದನ್ನು ಒತ್ತಿ", ತಿಂಗಳಿಗೆ ಇಷ್ಟು ದುಡ್ಡು. ತಗೋಬೇಕಾ, ಬೇಡ್ವಾ? ಉತ್ತರಕ್ಕೆ ಮುಂಚೆ ಒಂದು ಹಳೇ ಕಥೆ ಹೇಳಬೇಕು. ಈ ಸಮಸ್ಯೆ ಟೆಲಿಫೋನಿನಷ್ಟೇ ಹಳೇದು.

ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೋಜರ್ ಅಂತ ಒಬ್ಬರಿದ್ದರು. ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವುದು ಅವರ ವ್ಯಾಪಾರ. ಆಗ ಪ್ರತಿ ಕರೆಯನ್ನೂ ಎಕ್ಸ್‌ಚೇಂಜಿನಲ್ಲಿ ಕೂತ ಆಪರೇಟರು ಕೈಯಿಂದ ಜೋಡಿಸಬೇಕಿತ್ತು. ತನಗೆ ಬರಬೇಕಾದ ಕರೆಗಳನ್ನು ಆಪರೇಟರು ಎದುರಾಳಿ ಅಂಗಡಿಗೆ ತಿರುಗಿಸ್ತಾ ಇದ್ದಾರೆ ಅಂತ ಅವರಿಗೆ ಅನುಮಾನ ಬಂತಂತೆ. ಆ ಆಪರೇಟರು ಎದುರಾಳಿಯ ಹೆಂಡತಿಯೇ ಆಗಿದ್ದರು ಅಂತಲೂ ಕಥೆ ಉಂಟು. ಆ ಭಾಗ ಎಷ್ಟು ನಿಜವೋ ಬಿಡಿ. ಆಪರೇಟರೇ ಬೇಡದ ಸ್ವಯಂಚಾಲಿತ ಸ್ವಿಚ್ಚಿಗೆ ಸ್ಟ್ರೋಜರ್ 1891ರಲ್ಲಿ ಪೇಟೆಂಟ್ ಪಡೆದದ್ದು ಮಾತ್ರ ಖಂಡಿತ ನಿಜ. ಮರುವರ್ಷವೇ ಇಂಡಿಯಾನಾದ ಲಾ ಪೋರ್ಟ್ ಊರಲ್ಲಿ ಅಂಥ ಎಕ್ಸ್‌ಚೇಂಜ್ ಶುರುವಾಯಿತು. ನಮ್ಮ ಬೆಂಗಳೂರಿನ ದೂರವಾಣಿನಗರದ ಐಟಿಐ ಕಾರ್ಖಾನೆ ಕೂಡ ಬಹುಕಾಲ ಸ್ಟ್ರೋಜರ್ ಮಾದರಿಯ ಯಂತ್ರಗಳನ್ನೇ ತಯಾರಿಸಿತು. ಕರೆಯನ್ನು ಯಾವ ಕಡೆ ತಿರುಗಿಸಬೇಕು ಅನ್ನೋ ಅಧಿಕಾರ ಬೇರೆಯವರ ಕೈಲಿದ್ದರೆ ವ್ಯಾಪಾರವೂ ಅವರ ಕೈಲೇ ಅನ್ನೋದು ಒಬ್ಬ ಸಣ್ಣ ವ್ಯಾಪಾರಿಗೆ 130 ವರ್ಷಗಳ ಹಿಂದೆಯೇ ಅರ್ಥವಾಗಿತ್ತು.

ಈಗ ನಮ್ಮ ಮೊಬೈಲಿಗೆ ಬರೋಣ. ಫಾರ್ವರ್ಡ್ ಮಾಡೋದು ನಮ್ಮ ಕೈಲಿರೋ ಫೋನು ಅಂತ ತುಂಬ ಜನ ಅಂದ್ಕೊಂಡಿದ್ದಾರೆ. ಅಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ನಂಬರು ಹಾಕಿದಾಗ ಅದು ನೆಟ್‌ವರ್ಕಿಗೆ ಒಂದು ಸೂಚನೆ ಕಳಿಸುತ್ತೆ ಅಷ್ಟೇ. ಆ ಸೂಚನೆ ಹೋಗಿ ಕೂರೋದು ಕಂಪನಿಯ ಚಂದಾದಾರರ ಡೇಟಾಬೇಸಿನಲ್ಲಿ. ಸಂವಹನ ಪಾಠದಲ್ಲಿ ಬರೋ ಎಚ್‌ಎಲ್‌ಆರ್ ಅದೇ, 4ಜಿಯಲ್ಲಿ ಅದರ ಜಾಗಕ್ಕೆ ಎಚ್‌ಎಸ್‌ಎಸ್ ಬಂದಿದೆ. ಹಾಗಾಗಿ ಫೋನು ಸ್ವಿಚ್ ಆಫ್ ಆಗಿರಲಿ, ಬಾವಿಗೇ ಬಿದ್ದಿರಲಿ, ಫಾರ್ವರ್ಡಿಂಗ್ ನಡೀತಾ ಇರುತ್ತೆ.

ಇದರಲ್ಲಿ ನಾಲ್ಕು ವಿಧ. ಎಲ್ಲ ಕರೆಯನ್ನೂ ತಿರುಗಿಸೋದು ಒಂದು, ಇದರ ಕೋಡು 21. ಬ್ಯುಸಿ ಇದ್ದಾಗ ತಿರುಗಿಸೋದು 67, ಎತ್ತದಿದ್ದಾಗ 61, ಟವರ್ ಸಿಗದಿದ್ದಾಗ ಅಥವಾ ಆಫ್ ಆಗಿದ್ದಾಗ 62. ಅಂಗಡಿಯವರು ಸಾಮಾನ್ಯವಾಗಿ ಮೊದಲನೆಯದನ್ನು ಹಾಕಿಬಿಟ್ಟು, ತಮ್ಮ ಫೋನೇ ರಿಂಗ್ ಆಗ್ತಿಲ್ಲ ಅಂತ ತಲೆ ಕೆಡಿಸಿಕೊಳ್ತಾರೆ. ಚಿಕ್ಕಪ್ಪನಂಥವರಿಗೆ ಬೇಕಾಗಿರೋದು ಉಳಿದ ಮೂರು. ಅವರಿಗೇ ಮೊದಲು ಬರಲಿ, ಆಗದಿದ್ದರೆ ಮಾತ್ರ ಚಿಕ್ಕಮ್ಮನಿಗೆ ಹೋಗಲಿ.

"ಎತ್ತದಿದ್ದಾಗ" ಅನ್ನೋದಕ್ಕೆ ಎಷ್ಟು ಸೆಕೆಂಡ್ ಕಾಯಬೇಕು ಅಂತಲೂ ನಾವೇ ಹೇಳಬಹುದು. ಜಿಎಸ್‌ಎಂ ನಿಯಮದಲ್ಲಿ 5ರಿಂದ 30 ಸೆಕೆಂಡ್, ಐದೈದರ ಹೆಜ್ಜೆ. ಇಲ್ಲೊಂದು ಸೂಕ್ಷ್ಮ ಇದೆ. ಯಾರೂ ಎತ್ತದ ಮೊಬೈಲ್ ಕರೆ 30 ಸೆಕೆಂಡ್ ರಿಂಗ್ ಆಗಬೇಕು ಅಂತ ಟ್ರಾಯ್ 2019ರಲ್ಲಿ ಗೊತ್ತು ಮಾಡಿದೆ. ನಾವು ಟೈಮರನ್ನೂ 30ಕ್ಕೇ ಇಟ್ಟರೆ ತಿರುಗುವ ಹೊತ್ತಿಗೆ ಕರೆಯೇ ಮುಗಿದಿರಬಹುದು. ಮುಗಿಯದಿದ್ದರೂ ಅಷ್ಟು ಹೊತ್ತು ಕಾಯುವ ತಾಳ್ಮೆ ಗಿರಾಕಿಗೆ ಇರಲ್ಲ. 10 ಅಥವಾ 15 ಸಾಕು. ಇನ್ನೊಂದು: ಕಾಲ್ ವೇಟಿಂಗ್ ಆನ್ ಇದ್ದರೆ ನೆಟ್‌ವರ್ಕಿನ ಕಣ್ಣಿಗೆ ನೀವು ಬ್ಯುಸಿ ಅಲ್ಲವೇ ಅಲ್ಲ. ಎರಡನೇ ಕರೆ ನಿಮ್ಮ ಕಿವಿಯಲ್ಲೇ ಪೀಂಕ್ ಪೀಂಕ್ ಅಂತಿರುತ್ತೆ, 67 ಕೆಲಸ ಮಾಡಲ್ಲ. ಆ ಹೊತ್ತಲ್ಲಿ ಕೆಂಪು ಬಟನ್ ಒತ್ತಿದರೆ ಆಗ "ಬ್ಯುಸಿ" ಅಂತ ಲೆಕ್ಕವಾಗಿ ಕರೆ ಮುಂದಕ್ಕೆ ಹೋಗುತ್ತೆ. ಕರೆಗಳು ಜಾಸ್ತಿ ಇರುವ ಅಂಗಡಿಗೆ ಕಾಲ್ ವೇಟಿಂಗ್ ಆಫ್ ಮಾಡಿಡೋದೇ ಒಳ್ಳೇದು ಅಂತ ನನ್ನ ಅಭಿಪ್ರಾಯ.

ಹಾಗಾದರೆ ಎಷ್ಟು ಫೋನು ಬೇಕು? ಇದಕ್ಕೆ ಊಹೆ ಬೇಡ, ಸೂತ್ರವೇ ಇದೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ್ದು. ಚಿಕ್ಕಪ್ಪನ ಅಂಗಡಿಗೆ ದಿನಕ್ಕೆ 40 ಕರೆ, ಒಂದೊಂದು 3 ನಿಮಿಷ, ಕೆಲಸದ ಹೊತ್ತು 8 ಗಂಟೆ ಅಂತ ಇಟ್ಕೊಳ್ಳಿ. ಒಟ್ಟು 120 ನಿಮಿಷವನ್ನು 480ರಿಂದ ಭಾಗಿಸಿದರೆ 0.25 ಎರ್ಲಾಂಗ್. ಒಂದೇ ಲೈನ್ ಇದ್ದರೆ ಬ್ಯುಸಿ ಸಿಗುವ ಪ್ರಮಾಣ 0.25 ಭಾಗಿಸು 1.25, ಅಂದರೆ 20 ಶೇಕಡಾ. ಐದರಲ್ಲಿ ಒಬ್ಬ ರೈತ ಮುಂದಿನ ಬೀದಿಗೆ! ಆದರೆ ಕರೆಗಳು ದಿನವಿಡೀ ಸಮನಾಗಿ ಬರಲ್ಲ. ರಾತ್ರಿ ತ್ರೀ ಫೇಸ್ ಕರೆಂಟಲ್ಲಿ ಸುಟ್ಟ ಮೋಟಾರಿನ ಸುದ್ದಿಯೆಲ್ಲ ಬೆಳಿಗ್ಗೆ ಒಟ್ಟಿಗೇ ಬರುತ್ತೆ. ಆ ಒಂದು ಗಂಟೆಯಲ್ಲಿ 10 ಕರೆ ಬಂದರೆ 0.5 ಎರ್ಲಾಂಗ್, ಬ್ಯುಸಿ ಪ್ರಮಾಣ 33 ಶೇಕಡಾ.

ಈಗ 67ರ ಮೂಲಕ ಎರಡನೇ ಫೋನಿಗೆ ಫಾರ್ವರ್ಡ್ ಹಾಕಿ. ಅದೇ ಬೆಳಗಿನ ಗಂಟೆಯಲ್ಲಿ 33 ಇದ್ದದ್ದು 7.7 ಶೇಕಡಾಕ್ಕೆ ಇಳಿಯುತ್ತೆ. ಎರಡನೇ ಫೋನಿಂದ ಮೂರನೇದಕ್ಕೆ ಹಾಕಿದರೆ ಸುಮಾರು 1.3. ಮೊದಲ ಹೆಜ್ಜೆಗೆ ಸಿಕ್ಕಿದ ಲಾಭ ಎಷ್ಟು, ಎರಡನೇದಕ್ಕೆ ಎಷ್ಟು ನೋಡಿ. ಸಣ್ಣ ಅಂಗಡಿಯ ತೊಂದರೆಯ ಬಹುಪಾಲು ಎರಡನೇ ಸಿಮ್ಮಿಗೇ ಮುಗಿದುಹೋಗುತ್ತೆ, ಹತ್ತು ಜನ ಏಜೆಂಟರ ಪ್ಲಾನು ಯಾಕೆ? ಆದರೆ ಸೂತ್ರ ಹೇಳದ ಒಂದು ಮಾತಿದೆ. ಎರಡನೇ ಫೋನು ಎತ್ತುವವರಿಗೆ ಎಷ್ಟು ಎಚ್‌ಪಿ, ಸಬ್‌ಮರ್ಸಿಬಲ್ಲೋ ಮಾನೋಬ್ಲಾಕೋ, ಯಾವ ಊರು ಅಂತ ಕೇಳಿ ಬರೆದಿಟ್ಟುಕೊಳ್ಳೋಕೆ ಬರಬೇಕು. ನಮ್ಮ ಚಿಕ್ಕಮ್ಮ ಇದರಲ್ಲಿ ಚಿಕ್ಕಪ್ಪನಿಗಿಂತ ಒಂದು ಕೈ ಮೇಲು.

ಎರಡೂ ಸಿಮ್ಮನ್ನು ಒಂದೇ ಫೋನಿನಲ್ಲಿ ಹಾಕಿಕೊಂಡಿರುವವರಿಗೆ ಒಂದು ಸೂಚನೆ. ಬಹಳಷ್ಟು ಡ್ಯುಯಲ್ ಸಿಮ್ ಫೋನುಗಳಲ್ಲಿ ಒಂದರಲ್ಲಿ ಮಾತಾಡ್ತಾ ಇದ್ದರೆ ಇನ್ನೊಂದಕ್ಕೆ ಕರೆ ಮಾಡಿದವರಿಗೆ "ಸಂಪರ್ಕಕ್ಕೆ ಸಿಗುತ್ತಿಲ್ಲ" ಅಂತ ಬರುತ್ತೆ, ಬ್ಯುಸಿ ಅಂತಲ್ಲ. ಅಲ್ಲಿ ಹಾಕಬೇಕಾದ್ದು 67 ಅಲ್ಲ, 62.

ಇಷ್ಟಕ್ಕೂ ಮೀರಿದ ಅಗತ್ಯ ಇದ್ದವರೂ ಇದ್ದಾರೆ. ನಾಲ್ಕೈದು ಜನ ಕರೆ ಎತ್ತುವ ಡಯಾಗ್ನೋಸ್ಟಿಕ್ ಲ್ಯಾಬು, ಎರಡು ಮೂರು ಊರಲ್ಲಿ ಶಾಖೆ ಇರುವ ಟ್ಯೂಷನ್ ಸೆಂಟರು, ಅಥವಾ ನಮ್ಮಲ್ಲೇ ಫೈನಲ್ ಇಯರಿನಲ್ಲಿ ಸ್ಟಾರ್ಟಪ್ ಅಂತ ಓಡಾಡ್ತಿರುವವರು. ಅವರಿಗೆ ಕ್ಲೌಡ್ ಟೆಲಿಫೋನಿ ಕಂಪನಿಗಳಿವೆ. ಬೆಂಗಳೂರಿನ ಎಕ್ಸೋಟೆಲ್, ಹೈದರಾಬಾದಿನ ಓಝೋನ್‌ಟೆಲ್ ಈ ಬಗೆಯವು. ಒಂದು ನಂಬರಿಗೆ ಬಂದ ಕರೆಯನ್ನು ಎಲ್ಲರ ಫೋನಿಗೂ ಒಟ್ಟಿಗೇ ರಿಂಗ್ ಮಾಡಿಸೋದು, ಸರದಿಯ ಪ್ರಕಾರ ಹಂಚೋದು, ತಪ್ಪಿದ ಕರೆಗಳ ಪಟ್ಟಿ ಕೊಡೋದು, ರೆಕಾರ್ಡ್ ಮಾಡೋದು ಇಲ್ಲಿ ಸಾಧ್ಯ. ಇವುಗಳಲ್ಲಿ ನಿಜಕ್ಕೂ ಬೆಲೆ ಬಾಳೋದು ತಪ್ಪಿದ ಕರೆಗಳ ಪಟ್ಟಿ. ಸಿಮ್ಮಿನ ಫಾರ್ವರ್ಡಿಂಗ್‌ನಲ್ಲಿ ಕೊನೆಗೆ ಯಾರೂ ಎತ್ತದ ಕರೆಯ ಗುರುತು ಯಾರದೋ ಒಬ್ಬರ ಫೋನಲ್ಲಿ ಉಳಿದುಬಿಡುತ್ತೆ, ಅಂಗಡಿಗೆ ಬಂದದ್ದೋ ಸ್ವಂತಕ್ಕೆ ಬಂದದ್ದೋ ಗೊತ್ತಾಗಲ್ಲ. 1800ರ ಉಚಿತ ನಂಬರು ಮಾತ್ರ ಸಣ್ಣವರಿಗೆ ಶೋಕಿ. ಎಲ್ಲರ ಹತ್ತಿರ ಅನ್‌ಲಿಮಿಟೆಡ್ ಪ್ಯಾಕ್ ಇರುವಾಗ ಗಿರಾಕಿಯ ಕರೆಯ ಖರ್ಚನ್ನು ನಾವು ಹೊತ್ತು ಏನು ಪ್ರಯೋಜನ? ಹಾಗೇ ಅಮೆರಿಕದ ಯೂಟ್ಯೂಬ್ ವಿಡಿಯೋಗಳಲ್ಲಿ ಹೊಗಳುವ ಗೂಗಲ್ ವಾಯ್ಸ್‌ನ ವೈಯಕ್ತಿಕ ಖಾತೆ ಅಲ್ಲಿಯವರಿಗೆ ಮಾತ್ರ. ಅದನ್ನು ಇಲ್ಲಿ ಹುಡುಕಬೇಡಿ.

ಬಿಲ್ಲು ಹೇಗೆ ಬರುತ್ತೆ ಅಂತ ಕೇಳಿ ತಿಳ್ಕೊಳ್ಳಿ. ಫಾರ್ವರ್ಡ್ ಆದ ಕರೆ ಒಂದಲ್ಲ, ಎರಡು ತುಂಡು. ಗಿರಾಕಿಯಿಂದ ನಿಮ್ಮ ನಂಬರಿನವರೆಗೆ ಒಂದು, ಅಲ್ಲಿಂದ ಮುಂದಿನ ಫೋನಿಗೆ ಇನ್ನೊಂದು. ಎರಡನೇ ತುಂಡಿನ ಖರ್ಚು ಫಾರ್ವರ್ಡ್ ಹಾಕಿದವರದು. ಸಿಮ್ಮಿನಲ್ಲಾದರೆ ಅದು ನಿಮ್ಮ ಪ್ಯಾಕಿನೊಳಗೇ ಬರುತ್ತಾ ಅಂತ ಕಂಪನಿಯನ್ನು ಕೇಳಬೇಕು. ಕ್ಲೌಡಿನಲ್ಲಾದರೆ ನಿಮಿಷದ ದರ ಒಂದು ತುಂಡಿಗೋ ಎರಡಕ್ಕೋ, 1 ನಿಮಿಷ 5 ಸೆಕೆಂಡ್ ಮಾತಾಡಿದರೆ 2 ನಿಮಿಷದ ಲೆಕ್ಕವೋ ಅಂತ ಕೇಳಬೇಕು.

ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ, ನಂಬರು ಯಾರ ಹೆಸರಲ್ಲಿದೆ? ನಮ್ಮೂರಿನ ಒಬ್ಬ ಅಡುಗೆ ಕಂಟ್ರಾಕ್ಟರು ಇಂಥದ್ದೊಂದು ಸೇವೆಯ ನಂಬರನ್ನೇ ವ್ಯಾನಿನ ಮೇಲೆ, ಕಾರ್ಡಿನ ಮೇಲೆ, ಕಲ್ಯಾಣ ಮಂಟಪಗಳ ಗೋಡೆ ಮೇಲೆಲ್ಲ ಬರೆಸಿದ್ದರು. ಎರಡು ವರ್ಷದ ನಂತರ ದರ ಜಾಸ್ತಿಯಾಯಿತು, ಬೇಡ ಅಂದರು. ಆಗ ಗೊತ್ತಾಗಿದ್ದು, ನಂಬರು ಬಾಡಿಗೆಗೆ ಕೊಟ್ಟದ್ದು, ಬಿಟ್ಟು ಹೋಗುವಾಗ ಜೊತೆಗೆ ಬರಲ್ಲ ಅಂತ. ಮದುವೆ ಸೀಸನ್ ಮುಂದೆ ನಿಂತಿತ್ತು. ಕೊನೆಗೆ ಏರಿದ ದರವನ್ನೇ ಕಟ್ಟಿ ಮುಂದುವರಿದರು. ಮೊಬೈಲ್ ನಂಬರಾದರೆ ನಮಗೆ ಪೋರ್ಟಿಂಗ್ ಇದೆ. 2011ರ ಜನವರಿಯಿಂದ ದೇಶಾದ್ಯಂತ ಇದೆ, 2015ರಿಂದ ಬೇರೆ ರಾಜ್ಯಕ್ಕೆ ಹೋದರೂ ನಂಬರು ಉಳಿಯುತ್ತೆ. ಲ್ಯಾಂಡ್‌ಲೈನ್ ನಂಬರಿಗೆ ಈ ಸೌಲಭ್ಯ ಇಲ್ಲ. ಕ್ಲೌಡ್ ಸೇವೆಯಲ್ಲಿ 080 ಅಂತ ಶುರುವಾಗುವ ನಂಬರು ಕೊಟ್ಟರೆ ಇದನ್ನು ನೆನಪಿಡಿ.

ಅದಕ್ಕೇ ನನ್ನ ಸಲಹೆ ಹೀಗೆ: ಬೋರ್ಡಿನ ಮೇಲೆ ಇರಬೇಕಾದ್ದು ಮಾಲೀಕರ ಹೆಸರಲ್ಲೇ ಇರುವ ಸಾಮಾನ್ಯ ಸಿಮ್ಮಿನ ನಂಬರು. ಅಂಗಡಿ ಹುಡುಗನ ಹೆಸರಲ್ಲಿ ಬೇಡ, ಸಿಮ್ ಮಾರುವವನ "ಅಡ್ಜಸ್ಟ್‌ಮೆಂಟ್" ಹೆಸರಲ್ಲಂತೂ ಬೇಡವೇ ಬೇಡ. ಕ್ಲೌಡ್ ಸೇವೆ ಬೇಕು ಅನಿಸಿದರೆ ಅದನ್ನು ಹಿಂದೆ ಇಡಿ, ಸಿಮ್ಮಿನಿಂದ ಆ ಸೇವೆಯ ನಂಬರಿಗೆ ಫಾರ್ವರ್ಡ್ ಹಾಕಿ. ಸೇವೆ ಕೈಕೊಟ್ಟ ದಿನ ಫಾರ್ವರ್ಡ್ ತೆಗೆದರೆ ಮುಗೀತು, ಗೋಡೆ ಮೇಲಿನ ಬಣ್ಣ ಅಳಿಸಬೇಕಾಗಿಲ್ಲ. ಎರಡು ತುಂಡಿನ ಬದಲು ಮೂರು ತುಂಡಾಗಿ ಸ್ವಲ್ಪ ಖರ್ಚು ಜಾಸ್ತಿ ಬರಬಹುದು, ಕರೆ ಸೇರೋದು ಒಂದೆರಡು ಸೆಕೆಂಡ್ ತಡ ಆಗಬಹುದು. ಆ ಸಿಮ್ಮಿನ ರೀಚಾರ್ಜನ್ನೂ ಮರೆಯೋ ಹಾಗಿಲ್ಲ. ಆದರೂ ಸ್ವಿಚ್ಚು ನಿಮ್ಮ ಕೈಲಿರುತ್ತೆ.

ಸ್ವಿಚ್ಚಿನ ಮಾತು ಬಂತು, ಮೋಸದ ವಿಷಯ ಹೇಳದಿದ್ದರೆ ಆಗಲ್ಲ. "ಕೊರಿಯರ್ ಆಫೀಸಿಂದ ಸಾರ್, ಈ ಕೋಡ್ ಒತ್ತಿ" ಅಂತ ಕರೆ ಬರುತ್ತೆ. ಸ್ಟಾರ್ 401 ಅಂತಲೋ, ಸ್ಟಾರ್ ಸ್ಟಾರ್ 21 ಅಂತಲೋ ಶುರುವಾಗಿ ಅವರದೇ ನಂಬರಿನಲ್ಲಿ ಮುಗಿಯುವ ಕೋಡು. ಒತ್ತಿದರೆ ನಿಮ್ಮ ಕರೆಗಳೆಲ್ಲ ಅವರಿಗೆ. ಎಸ್‌ಎಂಎಸ್ ಫಾರ್ವರ್ಡ್ ಆಗಲ್ಲ ನಿಜ, ಆದರೆ ವಾಟ್ಸಾಪ್ ಒಟಿಪಿಯನ್ನು ಕರೆ ಮಾಡಿಯೂ ಹೇಳುತ್ತೆ. ಅಷ್ಟು ಸಾಕು, ಅಂಗಡಿಯ ವಾಟ್ಸಾಪ್ ಅವರ ಕೈಗೆ ಹೋಗುತ್ತೆ. ಈ ಹಾವಳಿಯಿಂದಲೇ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಯುಎಸ್‌ಎಸ್‌ಡಿ ಕೋಡಿನ ಮೂಲಕ ಫಾರ್ವರ್ಡ್ ಮಾಡುವುದನ್ನು ನಿಲ್ಲಿಸುವಂತೆ ಕಂಪನಿಗಳಿಗೆ ಆದೇಶ ಕೊಟ್ಟಿತು. ಹಾಗಾಗಿ ಮೇಲೆ ಹೇಳಿದ ಕೋಡುಗಳು ನಿಮ್ಮ ಸಿಮ್ಮಿನಲ್ಲಿ ನಡೆಯದಿದ್ದರೆ ಆಶ್ಚರ್ಯಪಡಬೇಡಿ. ಫೋನಿನ ಕಾಲ್ ಸೆಟ್ಟಿಂಗ್ಸ್, ಇಲ್ಲವೇ ಕಂಪನಿಯ ಗ್ರಾಹಕ ಸೇವೆಯ ಮೂಲಕ ಮಾಡಿಸಿ. ಮನೆಯವರ ಫೋನಲ್ಲಿ ಯಾವುದಾದರೂ ಫಾರ್ವರ್ಡ್ ಬಿದ್ದಿದೆಯಾ ಅಂತ ಆ ಸೆಟ್ಟಿಂಗ್ಸ್‌ನಲ್ಲೇ ನೋಡಬಹುದು. ಈ ಸಲ ಊರಿಗೆ ಹೋದಾಗ ಅಪ್ಪ ಅಮ್ಮನ ಫೋನಲ್ಲಿ ಒಮ್ಮೆ ನೋಡಿಬಿಡಿ, ಎರಡು ನಿಮಿಷದ ಕೆಲಸ.

ಎಲ್ಲ ಹಾಕಿದ ಮೇಲೆ ಪರೀಕ್ಷೆ ಮಾಡದೆ ಬಿಡಬೇಡಿ. ಬೇರೆ ಕಂಪನಿಯ ಸಿಮ್ಮಿನಿಂದ ಕರೆ ಮಾಡಿ. ಮೊದಲ ಫೋನನ್ನು ಆಫ್ ಮಾಡಿ ಒಮ್ಮೆ, ಮಾತಾಡ್ತಾ ಇರುವಾಗ ಒಮ್ಮೆ, ಎತ್ತದೆ ಬಿಟ್ಟು ಒಮ್ಮೆ. ಎರಡನೇ ಫೋನಲ್ಲಿ ಗಿರಾಕಿಯ ನಂಬರು ಸರಿಯಾಗಿ ಕಾಣುತ್ತಾ ನೋಡಿ, ಇಲ್ಲದಿದ್ದರೆ ವಾಪಸ್ ಕರೆ ಮಾಡೋದು ಹೇಗೆ? ವಾಟ್ಸಾಪ್ ಕರೆ ಮಾತ್ರ ಇದ್ಯಾವುದಕ್ಕೂ ಬಗ್ಗಲ್ಲ, ಅದು ಇಂಟರ್‌ನೆಟ್ಟಿನ ದಾರಿ. ಅದಕ್ಕೆ ಎರಡನೇ ಫೋನನ್ನು ಲಿಂಕ್ ಮಾಡಿಕೊಳ್ಳಬೇಕು. ಮತ್ತೆ, ಮುಂದೆ ಎಂದಾದರೂ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿದರೆ ಅವತ್ತೇ ಇದನ್ನೆಲ್ಲ ಹೊಸದಾಗಿ ಸೆಟ್ ಮಾಡಬೇಕು. ಹಳೇ ಕಂಪನಿಯ ಡೇಟಾಬೇಸಿನಲ್ಲಿ ಬರೆದಿಟ್ಟದ್ದು ನಂಬರಿನ ಜೊತೆ ಬರಲ್ಲ.