ಮಾರಿಕುಪ್ಪಂ ದಾರಿಯ ಲೈನು ಮನೆಗಳು

ಬಂಗಾರಪೇಟೆಯಲ್ಲಿ ಇಳಿದು ಮಾರಿಕುಪ್ಪಂ ಗಾಡಿ ಹತ್ತಿದ ಮೇಲೆ ಕಿಟಕಿ ಪಕ್ಕದ ಜಾಗ ಹಿಡಿಯಿರಿ. ಕೋರಮಂಡಲ, ಊರಿಗಾಂ, ಚಾಂಪಿಯನ್ ಎಂದು ನಿಲ್ದಾಣಗಳು ಒಂದೊಂದಾಗಿ ಹಿಂದೆ ಸರಿಯುವಾಗ ಜಾಲಿಗಿಡಗಳ ಮರೆಯಿಂದ ಬೂದುಬಣ್ಣದ ಗುಡ್ಡಗಳು ತಲೆ ಎತ್ತುತ್ತವೆ. ನೆತ್ತಿ ಸಮತಟ್ಟು, ಮೈತುಂಬ ಮಳೆನೀರು ಕೊರೆದ ಗೀರು, ಹುಲ್ಲು ಹಿಡಿದೂ ಹಿಡಿಯದಂತೆ ಅಲ್ಲೊಂದು ಇಲ್ಲೊಂದು. ಊರವರ ಬಾಯಲ್ಲಿ ಇವು ಸೈನೈಡ್ ಗುಡ್ಡ. ನೆಲದಡಿಯ ಕಲ್ಲನ್ನು ಕುಟ್ಟಿ ಹಿಟ್ಟು ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಬಿಡಿಸಿಕೊಂಡು ಹೊರಗೆಸೆದದ್ದು ಮೂರು ಕೋಟಿ ಟನ್ನಿಗೂ ಮಿಕ್ಕಿ ಹೀಗೆ ಬಿದ್ದಿದೆ. ಬೇಸಿಗೆ ಗಾಳಿ ಎದ್ದರೆ ಆ ಧೂಳು ಹಗ್ಗದ ಮೇಲಿನ ಬಟ್ಟೆಗೂ ಬರುತ್ತದೆ, ಕಣ್ಣಿಗೂ ಬರುತ್ತದೆ.

ಕೆಜಿಎಫ್‌ಗೆ, ಅಂದರೆ ಕೋಲಾರದ ಈ ಚಿನ್ನದ ಗಣಿಯೂರಿಗೆ, ಬಂದವರು ಮೊದಲು ಕೇಳುವುದು ಸಾಹೇಬರ ಬಂಗಲೆ, ಕ್ಲಬ್ಬು, ಇಗರ್ಜಿ. ಪುಟ್ಟ ಇಂಗ್ಲೆಂಡ್ ಎಂಬ ಹೆಸರಿನ ಮೋಹ ಅಷ್ಟಿದೆ. ನಾವು ಲೈನುಗಳ ಕಡೆ ತಿರುಗೋಣ.

ಲೈನು ಎಂದರೆ ಗಣಿ ಕಾರ್ಮಿಕರ ಸಾಲುಮನೆ. ತಲೆ ಬಗ್ಗಿಸಿಯೇ ಒಳಹೋಗಬೇಕಾದ ಬಾಗಿಲು, ಒಂದು ಕೋಣೆ, ಅದರ ಮೂಲೆಯಲ್ಲೇ ಒಲೆ. ಹಳೆಯವು ಬಿದಿರ ತಟ್ಟಿಗೆ ಮಣ್ಣು ಮೆತ್ತಿದ ಮನೆಗಳು. ಗಾರೆ ಉದುರಿದರೆ ತಟ್ಟಿಯ ಹೆಣಿಗೆ ಬೆರಳಿಗೆ ಸಿಗುತ್ತದೆ. ಎದುರುಬದುರು ಹೊಸ್ತಿಲುಗಳ ನಡುವೆ ಎರಡು ಸೈಕಲ್ಲು ಹಾಯುವಷ್ಟು ಓಣಿ, ಅಲ್ಲೇ ರಂಗೋಲಿ, ನಲ್ಲಿಯ ಮುಂದೆ ಸಾಲುಗಟ್ಟಿದ ಪ್ಲಾಸ್ಟಿಕ್ ಕೊಡ, ಒಗ್ಗರಣೆಯ ಘಾಟು. ಕನ್ನಡ, ತೆಲುಗು, ಉರ್ದು ಮೂರೂ ಇಲ್ಲಿ ಕಿವಿಗೆ ಬೀಳುತ್ತವೆ. ತಮಿಳೊಂದು ಹೆಚ್ಚು, ಅದೂ ಎಲ್ಲಕ್ಕಿಂತ ಜೋರು. ಉತ್ತರ ಆರ್ಕಾಟು, ಸೇಲಂ, ಚಿತ್ತೂರುಗಳಿಂದ ಬಂದವರ ಮೊಮ್ಮಕ್ಕಳು, ಮರಿಮಕ್ಕಳು ಇವರು. ಬಹುಪಾಲು ದಲಿತರು. ದಲಿತ ಚಿಂತಕ ಅಯೋತಿ ದಾಸ ಪಂಡಿತರ ಬೌದ್ಧ ಸಂಘ 20ನೇ ಶತಮಾನದ ಆರಂಭಕ್ಕೇ ಮಾರಿಕುಪ್ಪಂನಲ್ಲಿ ನೆಲೆಯೂರಿತ್ತು. ಬಂಗಲೆ ನೋಡಿ ಹಿಂದಿರುಗುವವರಿಗೆ ಈ ಕಥೆ ಸಿಗುವುದೇ ಇಲ್ಲ.

ಈ ಜನ ಇಳಿದ ಆಳವನ್ನು ಮೇಲೆ ನಿಂತು ಅಂದಾಜು ಮಾಡುವುದು ಕಷ್ಟ. ತುಕ್ಕು ಹಿಡಿದ ಗಾಲಿ ಹೊತ್ತ ಕಬ್ಬಿಣದ ಗೋಪುರ, ಅದರ ಕೆಳಗೆ ಮುಚ್ಚಿದ ಶಾಫ್ಟು; ಕಾಣುವುದು ಇಷ್ಟೇ. ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಆಳಕ್ಕೆ ಹೋಗಿತ್ತು; ಅಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಒತ್ತಡ ತಾಳದೆ ಬಂಡೆ ಸಿಡಿದರೆ ಮೇಲೆ ಲೈನಿನ ಪಾತ್ರೆಗಳೂ ಅಲುಗುತ್ತಿದ್ದವು. ಯಾರ ಮನೆಯವರು ಯಾವ ಶಿಫ್ಟಿನಲ್ಲಿದ್ದಾರೆಂದು ಹೆಂಗಸರು ಆಗ ಲೆಕ್ಕ ಹಾಕುತ್ತಿದ್ದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು ಬಂದದ್ದು ಈ ಗಣಿಗಳಿಗೆ. ಜಾನ್ ಟೇಲರ್ ಕಂಪನಿ 1880ರಲ್ಲಿ ಕಾಲಿಟ್ಟಾಗಿನಿಂದ 2001ರ ಫೆಬ್ರುವರಿ 28ರಂದು ಬೀಗ ಬೀಳುವ ತನಕ ಸುಮಾರು 800 ಟನ್ ಚಿನ್ನ ಮೇಲೆ ಬಂತು. ಈಗ ಲೈನಿನ ಮಕ್ಕಳು ನಸುಕಿಗೇ ಬುತ್ತಿ ಕಟ್ಟಿಕೊಂಡು ಬೆಂಗಳೂರಿನ ರೈಲಿಗೆ ಓಡುತ್ತಾರೆ.

ಟೇಲರ್‌ಗೂ ಮುಂಚೆ, 1871ರಲ್ಲಿ, ಎತ್ತಿನ ಗಾಡಿಯಲ್ಲಿ ಇಲ್ಲಿಗೆ ಬಂದ ಐರಿಷ್ ಸೈನಿಕ ಲವೆಲ್‌ಗೆ ಚಿನ್ನದ ಹುಚ್ಚು ಹತ್ತಿದ್ದು ನ್ಯೂಜಿಲೆಂಡಿನಲ್ಲಂತೆ. ಆ ದೇಶದ ಆರೋಟೌನ್ ಎಂಬ ಹಳೇ ಚಿನ್ನದೂರಿನಲ್ಲಿ, ಹೊಳೆದಂಡೆಯ ಚೀನೀ ಗಣಿಗಾರರ ಗುಡಿಸಲುಗಳನ್ನೂ ಅಹ್ ಲಮ್ ಎಂಬವನ ಅಂಗಡಿಯನ್ನೂ ಜತನದಿಂದ ಉಳಿಸಿದ್ದಾರೆ. ಒಬ್ಬಾಳು ಮಲಗಿದರೆ ತುಂಬಿಹೋಗುವ ಕಲ್ಲುಗುಡಿಸಲು ಅಲ್ಲಿ ಪರಂಪರೆ. ಊರಿನ ಅಂಚಿಗೆ ತಳ್ಳಿಸಿಕೊಂಡವರ ಬಾಳನ್ನು ತಡವಾಗಿಯಾದರೂ ಅವರು ಲೆಕ್ಕಕ್ಕೆ ತೆಗೆದುಕೊಂಡರು.

ನಮ್ಮಲ್ಲಿ ಲೈನುಗಳು ಇನ್ನೂ ನಿಂತಿವೆ, ಒಳಗೆ ಜನರಿದ್ದಾರೆ, ಹೇಳುವ ಬಾಯಿಗಳಿವೆ. ಅವರ ವಾಸಕ್ಕೆ ತೊಂದರೆಯಾಗದಂತೆ ಒಂದು ಸಾಲನ್ನಾದರೂ ಇದ್ದ ಹಾಗೆ ಉಳಿಸಿ, ಅಲ್ಲಿ ಬಾಳಿದವರ ಹೆಸರು ಬರೆಸುವ ಕೆಲಸ ಬೇಗ ಆಗಬೇಕು. ನೀವು ಹೋದಾಗ ಬಂಗಲೆಯ ಮುಂದಷ್ಟೇ ಫೋಟೊ ತೆಗೆಸಿಕೊಂಡು ಬರಬೇಡಿ; ಲೈನಿನ ಜಗಲಿಯಲ್ಲಿ ಅಪ್ಪಣೆ ಕೇಳಿ ಕೂತು, ಹಿರಿಯರನ್ನು ಮಾತಾಡಿಸಿ.