ಅಕ್ಷರವಿಲ್ಲದ ತಾಮ್ರಫಲಕದಲ್ಲಿ ಕೈಗಳ ಮಾತು

ತಾಮ್ರಶಾಸನ ಓದಿ ರೂಢಿಯಾದ ನನ್ನ ಕಣ್ಣು ಫಲಕ ಅಂದಕೂಡಲೇ ಅಕ್ಷರ ಹುಡುಕುತ್ತೆ. ಡಚ್ ಕಲಾವಿದ ರೆಂಬ್ರಾಂಟ್ ಸುಮಾರು 1648ರಲ್ಲಿ ತಾಮ್ರದ ಫಲಕದಲ್ಲಿ ಗೆರೆ ಕೊರೆದು ಅಚ್ಚೊತ್ತಿದ ‘ನೂರು ಗಿಲ್ಡರ್ ಮುದ್ರಣ’ದಲ್ಲಿ ಸಹಿಯೂ ಇಲ್ಲ, ತೇದಿಯೂ ಇಲ್ಲ. ಹಾಗಾದ್ರೆ ಪ್ರಸಂಗ ಯಾವುದು ಅಂತ ತಿಳಿಯೋದು ಹೇಗೆ?

ಕೈಗಳನ್ನು ನೋಡಿ. ಮಗುವನ್ನೆತ್ತಿಕೊಂಡು ಬಂದ ತಾಯಿಯನ್ನು ಶಿಷ್ಯ ಪೇತ್ರನ ಕೈ ತಡೆಯುತ್ತಿದೆ. ಯೇಸುವಿನ ಕೈ ಅವಳತ್ತ ಚಾಚಿದೆ. ಆಸ್ತಿ ಬಿಡಲಾರದ ಶ್ರೀಮಂತ ಯುವಕ ಕೈಗೆ ಮುಖವೂರಿ ಕೂತಿದ್ದಾನೆ. ಬಲಗಡೆ ಬಾಗಿಲಲ್ಲಿ ಒಂಟೆ: ಸಿರಿವಂತರ ಬಗ್ಗೆ ಯೇಸು ಆಡಿದ ಸೂಜಿಕಣ್ಣಿನ ಮಾತಿನ ಗುರುತು. ಮತ್ತಾಯನ ಸುವಾರ್ತೆಯ 19ನೇ ಅಧ್ಯಾಯವನ್ನೇ ಒಂದು ಹಾಳೆಯಲ್ಲಿ ಕೂಡಿಸಿದ್ದಾನೆ.

‘ರೋಗಿಗಳನ್ನು ಗುಣಪಡಿಸುವ ಯೇಸು’ ಅಂತಷ್ಟೇ ಓದಿದರೆ ಇವೆಲ್ಲ ತಪ್ಪಿಹೋಗುತ್ತವೆ. ನಾನೂ ಮೊದಲು ಹಾಗೇ ಓದಿದ್ದೆ. ಪ್ರಾರ್ಥಿಸುವ ಹೆಂಗಸಿನ ಕೈಗಳ ನೆರಳು ಯೇಸುವಿನ ನಿಲುವಂಗಿಯ ಮೇಲೆ ಬಿದ್ದದ್ದು ಆಮೇಲೆ ಕಂಡಿತು. ಅವಳ ಕೈ ಮುಟ್ಟಿಲ್ಲ, ಮೊರೆ ಮುಟ್ಟಿದೆ.